ಕೆರೆ ದೋಚಿದವನ ಕೈಗೆ ಕೆರೆ

ಗಂಗಹನುಮಯ್ಯನನ್ನು ನಾನು ಮೊದಲ ಸಲ ನೋಡಿದಾಗ ಅವನನ್ನು ಕೆರೆಯ ತೂಬಿನ ಕಲ್ಲುಕಂಬಕ್ಕೆ ಕಟ್ಟಿಹಾಕಿದ್ದರು. 2006ನೇ ಇಸವಿ, ಮಾರ್ಚ್ ತಿಂಗಳು. ಗುಬ್ಬಿಯಿಂದ ಕುಣಿಗಲ್ ಕಡೆಗೆ ಹೋಗುವ ದಾರಿಯಲ್ಲಿರುವ ಹಾಲುಗೊಂಡನಹಳ್ಳಿಯ ಹೈಸ್ಕೂಲಿನಲ್ಲಿ ನಾನು ಸಮಾಜ ಪಾಠದ ಮೇಷ್ಟ್ರಾಗಿದ್ದೆ. ತುಮಕೂರಿನಿಂದ ಬರುವ ಬಸ್ಸು ಊರೊಳಕ್ಕೆ ಹೋಗುತ್ತಿರಲಿಲ್ಲ. ಕೋಡಿಯ ಹತ್ತಿರ ಇಳಿದು ಏರಿಯ ಮೇಲೆ ಅರ್ಧ ಮೈಲಿ ನಡೆಯಬೇಕಿತ್ತು. ಅವತ್ತು ಏರಿಯ ಮೇಲೆ ಊರಿಗೆ ಊರೇ ನೆರೆದಿತ್ತು.

ಕಂಬಕ್ಕೆ ಕಟ್ಟಿದ್ದ ಆಳಿಗೆ ನಲವತ್ತೈದರ ಆಸುಪಾಸು. ಒದ್ದೆ ಚಡ್ಡಿ, ಬರಿ ಮೈ, ಒಡೆದ ತುಟಿ. ತಲೆ ಮಾತ್ರ ತಗ್ಗಿಸಿರಲಿಲ್ಲ. ಅವನ ಕಾಲ ಬಳಿ ಇನ್ನೊಬ್ಬ ಸಣಕಲು ಮನುಷ್ಯನನ್ನು ಕೈ ಕಟ್ಟಿ ಕೂರಿಸಿದ್ದರು. ಆ ಸಣಕಲು ಮನುಷ್ಯ ಎದುರಿಗೆ ಬಂದವರನ್ನೆಲ್ಲ, "ಅಣ್ಣಂಗೆ ಒಂದ್ ಲೋಟ ನೀರ್ ಕೊಡ್ರಣ್ಣ, ಬೆಳಗಿಂದ ಕುಡ್ದಿಲ್ಲ" ಎಂದು ಬೇಡುತ್ತಿದ್ದ. ತನಗೆ ಅಂತ ಕೇಳಲಿಲ್ಲ. ನನ್ನ ಬ್ಯಾಗಿನಲ್ಲಿದ್ದ ನೀರಿನ ಬಾಟಲಿಯನ್ನು ಕಂಬದಲ್ಲಿದ್ದವನ ಬಾಯಿಗೆ ಹಿಡಿದೆ. ಅರ್ಧ ಕುಡಿದು, "ಮಿಕ್ಕಿದ್ದು ಅವ್ನಿಗೆ ಕೊಡಿ ಸಾರ್" ಅಂದ. ಅವನು ಗಂಗಹನುಮಯ್ಯ. ನೀರು ಬೇಡುತ್ತಿದ್ದವನು ಲಾಲ್ ಸಾಬ್, ಗುಬ್ಬಿಯಲ್ಲಿ ಹೆದ್ದಾರಿ ಪಕ್ಕ ಪಂಕ್ಚರ್ ಅಂಗಡಿ ಇಟ್ಟಿದ್ದವನು.

ಅವರ ವಿಷಯ ನನಗೆ ಗೊತ್ತಾದದ್ದು ಆಮೇಲೆ. ಗಂಗಹನುಮಯ್ಯ ಹುಟ್ಟಿದ್ದು ಹುತ್ರಿದುರ್ಗದ ಬುಡದಲ್ಲಿ, ಮೀನು ಹಿಡಿಯುವವರ ಮನೆಯಲ್ಲಿ. ಅವನ ತಾತನ ಕಾಲಕ್ಕೆ ಸುತ್ತಲ ಹತ್ತು ಕೆರೆಗಳಲ್ಲಿ ಯಾರನ್ನೂ ಕೇಳದೆ ಬಲೆ ಹಾಕುತ್ತಿದ್ದರಂತೆ. ಅವನು ಬಲೆ ಹಿಡಿಯುವಷ್ಟು ದೊಡ್ಡವನಾಗುವ ಹೊತ್ತಿಗೆ ಕೆರೆಗಳೆಲ್ಲ ಹರಾಜಾಗತೊಡಗಿದ್ದವು. ಎಲ್ಲಿಂದಲೋ ಬಂದ ಗುತ್ತಿಗೆದಾರರು ಮೀನುಮರಿ ಬಿಟ್ಟು, ಕಾವಲು ಇಟ್ಟು, ನೀರಿಗೆ ಕೈ ಹಾಕಿದರೆ ಹೊಡೆಯುತ್ತಿದ್ದರು. ಅವನ ಅಪ್ಪ ಬಲೆ ಸುತ್ತಿಟ್ಟು ಗಾರೆ ಕೆಲಸಕ್ಕೆ ಹೋದ. ಮಗ ಹೋಗಲಿಲ್ಲ. ಇನ್ನೂ ನಾಲ್ಕು ಜನರನ್ನು ಕಟ್ಟಿಕೊಂಡು ಕೆರೆ ದೋಚುವುದಕ್ಕೆ ಇಳಿದ.

ಆ ನಾಲ್ವರಲ್ಲಿ ಲಾಲ್ ಸಾಬ್‌ಗೆ ಈಜೂ ಬರುತ್ತಿರಲಿಲ್ಲ. ಆದರೆ ಲಾರಿಯ ಹಳೆ ಟ್ಯೂಬುಗಳಿಗೆ ಪ್ಯಾಚು ಹಾಕಿ, ಗಾಳಿ ತುಂಬಿ, ನಡುವೆ ಹಗ್ಗದ ಜಾಲ ಹೆಣೆದು, ಮೂರು ಆಳಿನ ನೀರಿನಲ್ಲೂ ಮುಳುಗದ ಹಾಗೆ ಮಾಡುತ್ತಿದ್ದವನು ಅವನೇ. ನಸುಕಿಗೆ ಒಂದು ಲಗೇಜ್ ಆಟೋದಲ್ಲಿ ಬರುವುದು, ಟ್ಯೂಬುಗಳನ್ನು ನೀರಿಗೆ ಬಿಡುವುದು, ಕಾವಲಿನವನು ಎದ್ದು ಮುಖ ತೊಳೆಯುವಷ್ಟರಲ್ಲಿ ಕೆರೆಯ ಒಂದು ಮಗ್ಗುಲನ್ನೇ ಬಳಿದುಕೊಂಡು ಹೋಗುವುದು. ಹಲವು ವರ್ಷ ಕುಣಿಗಲ್‌ನಿಂದ ಗುಬ್ಬಿಯವರೆಗೆ ಅವರ ಹೆಸರು ಹೇಳಿದರೆ ಗುತ್ತಿಗೆದಾರರು ಬೈದುಕೊಳ್ಳುತ್ತಿದ್ದರು.

ನಾನು ಇದನ್ನು ಹೊಗಳಿ ಬರೆಯುತ್ತಿಲ್ಲ. ಒಂದೂರಿನಲ್ಲಿ ಹೆಂಗಸರ ಸಂಘದವರು ಸಣ್ಣ ಕಟ್ಟೆಯೊಂದರಲ್ಲಿ ಮೀನು ಸಾಕಿದ್ದರು. ಅದನ್ನೂ ಇವರು ಒಂದೇ ಬೆಳಿಗ್ಗೆ ಬರಿದು ಮಾಡಿದರು. "ತಿರುಗಿ ನೋಡ್ದೆ ಸಾರ್. ಏಳೆಂಟು ಹೆಂಗಸ್ರು ಕಟ್ಟೆ ಮೇಲೆ ಸುಮ್ನೆ ನಿಂತಿದ್ರು. ಬೈಯ್ಲೂ ಇಲ್ಲ" ಎಂದು ಗಂಗಹನುಮಯ್ಯನೇ ಒಮ್ಮೆ ಹೇಳಿದ್ದ.

ಈಗ ಕಂಬದ ಕಥೆಗೆ ಬರುತ್ತೇನೆ. ಅವತ್ತು ನಸುಕಿಗೆ ಕಾವಲಿನವರು ಮುತ್ತಿದಾಗ ಉಳಿದ ಮೂವರು ಓಡಿಹೋಗಿ, ಇವರಿಬ್ಬರು ಸಿಕ್ಕಿಬಿದ್ದಿದ್ದರು. ಆಗ ಪಂಚಾಯ್ತಿಯ ಯಜಮಾನಿಕೆ ಚನ್ನಬಸವಯ್ಯನವರದು. ತೆಂಗಿನ ತೋಟದ ಕುಳ, ಜನ್ಮದಲ್ಲಿ ಮೀನು ಮುಟ್ಟಿದವರಲ್ಲ. ಆದರೆ ನಮ್ಮ ಹೈಸ್ಕೂಲಿನ ಕಾಂಪೌಂಡು ಎದ್ದಿದ್ದು ಕೆರೆಯ ಮೀನಿನ ಆದಾಯದಿಂದಲೇ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಹೇಮಾವತಿ ಕಾಲುವೆಯ ನೀರು ಬಂದು ಕೆರೆ ತುಂಬತೊಡಗಿದ ಮೇಲೆ ಕಳ್ಳರ ಕಾಟವೂ ಹೆಚ್ಚಿತ್ತು. ಇವರದೊಂದೇ ಗುಂಪಲ್ಲ, ಇನ್ನೂ ಮೂರು ಗುಂಪುಗಳಿದ್ದವು. ಯಾವ ಕಾವಲುಗಾರನೂ ಒಂದು ವರ್ಷ ನಿಲ್ಲುತ್ತಿರಲಿಲ್ಲ.

ಅವತ್ತು ಚನ್ನಬಸವಯ್ಯನವರು ಏರಿಯ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕುಳಿತು, ಬಹಳ ಹೊತ್ತು ಯೋಚಿಸಿ, ಇಬ್ಬರ ಕಟ್ಟನ್ನೂ ಬಿಚ್ಚಿಸಿದರು.

"ನೋಡ್ ಹನುಮ," ಅಂದರು. "ನಿನ್ನ ಸ್ಟೇಷನ್‌ಗೆ ಕಳಿಸ್ಬೋದು. ಮೂರ್ ತಿಂಗಳಿಗೆ ಬರ್ತೀಯ, ಮತ್ತೆ ಇಲ್ಲೇ ಇಳೀತೀಯ. ಅದರ ಬದ್ಲು ಕೆರೆ ನಿಂಗೇ ಬಿಡ್ತೀವಿ. ಮೀನ್ ಬೆಳೆಸು, ಹಿಡಿ, ಮಾರು. ಪಂಚಾಯ್ತಿ ಪಾಲು ಪಂಚಾಯ್ತಿಗೆ ಕೊಡು. ಆದ್ರೆ ಇನ್ನೊಬ್ಬ ಈ ನೀರಿಗೆ ಕೈ ಹಾಕ್ಬಾರ್ದು. ಹಾಕ್ದೋನ್ನ ಹಿಡ್ಕೊಡೋದು ನಿನ್ ಕೆಲ್ಸ. ನಿನ್ ಜೊತೆಗಾರನೇ ಆಗ್ಲಿ, ಹಿಡ್ಕೊಡ್ಬೇಕು."

ಗಂಗಹನುಮಯ್ಯ ಮಣಿಕಟ್ಟು ಉಜ್ಜಿಕೊಳ್ಳುತ್ತ ನಿಂತಿದ್ದ. "ಆಯ್ತು" ಅಂದ, ಅಷ್ಟೇ.

ಗುಂಪಿನಲ್ಲಿದ್ದವರಿಗೆ ಅದು ಸಾಲಲಿಲ್ಲ. "ಯಜಮಾನ್ರ ಕಾಲ್ ಮುಟ್ಟಿ ತಪ್ಪಾಯ್ತು ಅನ್ನು ಮೊದ್ಲು" ಎಂದು ಒಬ್ಬ ಕೂಗಿದ. ಉಳಿದವರೂ ದನಿ ಸೇರಿಸಿದರು.

"ನಾನು ಯಾರ ಕಾಲೂ ಮುಟ್ಟಲ್ಲ. ಕೆರೆ ಕೊಟ್ರೆ ಕಾಯ್ತೀನಿ. ಇಲ್ಲ, ಸ್ಟೇಷನ್‌ಗೇ ಕಳಿಸಿ."

ಮಾತು ಅಲ್ಲಿಗೇ ಮುರಿದು ಬೀಳುತ್ತಿತ್ತು. ಅಷ್ಟರಲ್ಲಿ ಲಾಲ್ ಸಾಬ್ ಎದ್ದ. "ಅವ್ನ ಪಾಲಿಂದೂ ಸೇರಿಸಿ ನಾನೇ ಮುಟ್ತೀನಿ ಬುಡ್ರಿ" ಎನ್ನುತ್ತ ಹೋಗಿ ಚನ್ನಬಸವಯ್ಯನವರ ಎರಡೂ ಪಾದಗಳನ್ನು ಹಿಡಿದ. ಹಿಡಿದದ್ದು ಬಿಗಿಯಾಯಿತೋ, ಕುರ್ಚಿಯ ಹಿಂಗಾಲು ಮರಳಿನಲ್ಲಿ ಹೂತುಕೊಂಡಿತೋ, ಯಜಮಾನರು ಹಿಂದಕ್ಕೆ ಮಗುಚಿ ಬಿದ್ದರು. ಆಮೇಲೆ ಬಿದ್ದವರೇ ಮೊದಲು ನಕ್ಕರು. ಜನವೂ ನಕ್ಕಿತು. ಗಂಗಹನುಮಯ್ಯನಿಗೆ ಕೆರೆ ಸಿಕ್ಕಿತು.

ಆ ದಿನ ನಗದೆ ಇದ್ದವನು ಲಾಲ್ ಸಾಬ್ ಒಬ್ಬನೇ. ನನಗದು ಆಗ ಹೊಳೆಯಲಿಲ್ಲ.

ಕರಾರಿನ ಪ್ರಕಾರ ಹಳೆಯ ಜೊತೆಗಾರರು ಏರಿ ಹತ್ತುವಂತಿರಲಿಲ್ಲ. ಕೆರೆಗೆ ಮೀನುಗಾರರ ಸಂಘ ಆದಾಗ ಅದರ ಬೈಲಾದಲ್ಲೂ ಊರಿನ ಮೀನುಗಾರ ಕುಟುಂಬಗಳಿಗಷ್ಟೇ ಸದಸ್ಯತ್ವ ಎಂದು ಬರೆದರು. ಲಾಲ್ ಸಾಬ್ ಅದನ್ನೇನೂ ಮನಸ್ಸಿಗೆ ಹಚ್ಚಿಕೊಂಡಂತೆ ಕಾಣಲಿಲ್ಲ. "ಮೊದ್ಲು ನೀನ್ ಸರಿಯಾಗಿ ಕೂತ್ಕೊ ಹನುಮಣ್ಣ. ಆಮೇಲೆ ನಮ್ಮನ್ನ ಕರ್ಕೊಂಡ್ರಾಯ್ತು" ಅಂದಿದ್ದನಂತೆ. ಗಂಗಹನುಮಯ್ಯ ಹೂಂ ಅಂದಿದ್ದ. ಹೆಂಡತಿ ದೊಡ್ಡಗಂಗಮ್ಮನನ್ನು ಕರೆತಂದು ಕೋಡಿಯ ಪಕ್ಕ ಶೀಟಿನ ಮನೆ ಕಟ್ಟಿಕೊಂಡ.

ಕಾಯುವುದನ್ನು ಅವನಷ್ಟು ಬಲ್ಲವರು ಯಾರೂ ಇರಲಿಲ್ಲ. ಕಳ್ಳ ಎಲ್ಲಿ ಇಳಿಯುತ್ತಾನೆ, ಯಾವ ಗಾಳಿಗೆ ಯಾವ ದಡ ಹುಡುಕುತ್ತಾನೆ, ಎಲ್ಲವೂ ಅವನಿಗೆ ಅಂಗೈ ಗೆರೆ. ಮೂರು ಗುಂಪುಗಳನ್ನೂ ಎರಡೇ ವರ್ಷದಲ್ಲಿ ಅಟ್ಟಿದ. ಸಿಕ್ಕಿಬಿದ್ದವನ ಟ್ಯೂಬನ್ನು ಅಲ್ಲೇ ಚಾಕು ಹಾಕಿ ಸೀಳುವುದು, ಆಳನ್ನು ಪೊಲೀಸರಿಗೆ ಒಪ್ಪಿಸುವುದು. ಇದು ಅವನು ಮಾಡಿದ ಕಾನೂನು. ಯಾರನ್ನೂ ಕಂಬಕ್ಕೆ ಕಟ್ಟಬಾರದು ಎಂಬುದೂ ಅವನೇ ಮಾಡಿದ ಕಾನೂನು. 2010ರಲ್ಲಿ ಸಂಘದ ಅಧ್ಯಕ್ಷನಾದ. ಬಲೆಗಳು ಮೂರು ಮೂರು ದಿನ ಏರಿಯ ಮೇಲೆ ಒಣಗುತ್ತಿದ್ದರೂ ಯಾರೂ ಮುಟ್ಟುತ್ತಿರಲಿಲ್ಲ. ದನ ತೊಳೆಯುವವರ ಜಗಳ, ಹೂಳು ತೆಗೆಯುವವರ ಜಗಳ, ಕೊನೆಗೆ ಅಣ್ಣತಮ್ಮಂದಿರ ಬದುವಿನ ಜಗಳವೂ ಅವನ ಶೀಟಿನ ಮನೆಯ ಜಗಲಿಗೆ ಬರತೊಡಗಿತು. ಅವನು ಬಿಳಿ ಶರ್ಟು ಹಾಕಿದ. ಊರಿನವರು ಅವನನ್ನು ಹನುಮ ಎನ್ನುವುದನ್ನು ಬಿಟ್ಟು ಅಧ್ಯಕ್ಷರೇ ಎಂದರು.

ನನಗೂ ಅವನಿಗೂ ಸ್ನೇಹ ಬೆಳೆದಿತ್ತು. ಸಂಜೆ ಬಸ್ಸಿಗೆ ಕಾಯುವಾಗ ಕೋಡಿಯ ಹತ್ತಿರ ಕುಳಿತು ಮಾತಾಡುತ್ತಿದ್ದೆವು. ಒಂದು ದಿನ ಅವನಿಗೆ ಪಠ್ಯಪುಸ್ತಕದಲ್ಲಿಲ್ಲದ ಒಂದು ಕಥೆ ಹೇಳಿದೆ. ಯೂರೋಪಿನ ಉತ್ತರದ ಕಡಲಿನಲ್ಲಿ ವೈಕಿಂಗರು ಅಂತ ಜನ ಇದ್ದರು. ದೋಣಿಗಳಲ್ಲಿ ಹೊಳೆಯೇರಿ ಬಂದು ಊರುಗಳನ್ನು ದೋಚುತ್ತಿದ್ದರು. ಅವರಲ್ಲಿ ರೋಲೋ ಅನ್ನುವವನೊಬ್ಬ. ಅವನ ಕಾಟ ತಡೆಯಲಾರದೆ ಸಾವಿರದ ನೂರು ವರ್ಷಗಳ ಹಿಂದೆ ಫ್ರಾಂಕರ ರಾಜ ಅವನಿಗೇ ಹೊಳೆಯ ದಂಡೆಯ ಸೀಮೆಯನ್ನು ಬಿಟ್ಟುಕೊಟ್ಟು, ಬೇರೆ ದರೋಡೆಕೋರರು ಬರದ ಹಾಗೆ ನೀನೇ ಕಾಯಿ ಅಂದ. ದೋಚುತ್ತಿದ್ದವನು ಆ ಸೀಮೆಯ ಒಡೆಯನಾದ, ಅವನ ವಂಶದವರು ಮುಂದೆ ದೊಡ್ಡ ದೊರೆಗಳಾದರು.

ಗಂಗಹನುಮಯ್ಯ ಬೀಡಿ ಹಚ್ಚುವುದನ್ನು ಮರೆತು ಕೇಳುತ್ತಿದ್ದ.

"ಇನ್ನೊಂದಿದೆ ಕೇಳು," ಅಂದೆ. "ರಾಜನ ಪಾದಕ್ಕೆ ಮುತ್ತಿಡಬೇಕು ಅಂದರಂತೆ. ರೋಲೋ ಒಪ್ಪಲಿಲ್ಲ. ತನ್ನ ಕಡೆಯವನೊಬ್ಬನಿಗೆ ಸನ್ನೆ ಮಾಡಿದ. ಅವನು ಹೋಗಿ ರಾಜನ ಕಾಲನ್ನೇ ಮೇಲೆತ್ತಿದ. ರಾಜ ಅಂಗಾತ ಬಿದ್ದ. ನಡೆದದ್ದೋ ಕಟ್ಟಿದ್ದೋ, ಹಳೆಯವರು ಹಾಗೆ ಬರೆದಿದ್ದಾರೆ."

ಅವನು ನಗುತ್ತಾನೆ ಅಂದುಕೊಂಡಿದ್ದೆ. ನಗಲಿಲ್ಲ.

"ಕಾಲ್ ಹಿಡ್ದೋನ ಹೆಸ್ರೇನು ಸಾರ್?"

"ಹೆಸರು ಬರೆದಿಲ್ಲ."

"ಆಮೇಲೆ ಅವ್ನು ಏನಾದ?"

"ಅದನ್ನೂ ಬರೆದಿಲ್ಲ."

ಅವನು ಬೀಡಿಯನ್ನು ಜೇಬಿಗೆ ಹಾಕಿಕೊಂಡು ನೀರು ನೋಡುತ್ತ ಕುಳಿತ. ನನ್ನ ಬಸ್ಸು ಬಂತು. ಲಾಲ್ ಸಾಬ್ ಅಷ್ಟೊತ್ತಿಗಾಗಲೇ ಅವನನ್ನು ಹುಡುಕಿಕೊಂಡು ಬಂದುಹೋಗಿದ್ದ ಎಂಬುದು ನನಗೆ ಗೊತ್ತಿರಲಿಲ್ಲ.

ಆಗಿದ್ದು ಇಷ್ಟು. ಗುಬ್ಬಿಯಲ್ಲಿ ರಸ್ತೆ ಅಗಲ ಮಾಡಿದಾಗ ಲಾಲ್ ಸಾಬ್‌ನ ಅಂಗಡಿ ಹೋಯಿತು. ಅಂಗಡಿ ಅಂದರೆ ಒಂದು ತಗಡಿನ ಚಪ್ಪರ, ಒಂದು ಗಾಳಿ ಯಂತ್ರ. ಅವನು ಗಾಳಿ ಯಂತ್ರವನ್ನು ತಳ್ಳುಗಾಡಿಯ ಮೇಲಿಟ್ಟುಕೊಂಡು ಕೆಲವು ದಿನ ಸುತ್ತಿದ. ಟ್ಯೂಬಿಲ್ಲದ ಟೈರುಗಳ ಕಾಲ ಬಂದಿತ್ತು, ಕೆಲಸ ಕಡಿಮೆ. ಆಮೇಲೆ ಕೊರೊನಾ ಬಂತು. ಹದಿನಾಲ್ಕು ವರ್ಷ ಒಂದು ದಿನವೂ ಏನೂ ಕೇಳದವನು ಆಗ ಹಾಲುಗೊಂಡನಹಳ್ಳಿಗೆ ಬಂದ. ಸಂಘದಲ್ಲಿ ಕಾವಲಿನ ಕೆಲಸವೋ, ಬಲೆ ಎಳೆಯುವ ಕೆಲಸವೋ ಏನಾದರೂ ಸಿಗುತ್ತದೆಯೇ ಎಂದು ಕೇಳಲು ಮೂರು ಸಲ ಆಫೀಸಿಗೆ ಬಂದ. ಮೂರು ಸಲವೂ ಗುಮಾಸ್ತ, ಅಧ್ಯಕ್ಷರು ಆಫೀಸಿನಲ್ಲಿಲ್ಲ ಅಂದ.

2021ರ ಜೂನ್. ಎರಡನೇ ಲಾಕ್‌ಡೌನ್. ಶಾಲೆ ಮುಚ್ಚಿತ್ತು, ನಮ್ಮನ್ನು ಮನೆ ಮನೆ ಸರ್ವೆಗೆ ಹಾಕಿದ್ದರು. ಮಟಮಟ ಮಧ್ಯಾಹ್ನ ಏರಿಯ ಮೇಲೆ ಗದ್ದಲ ಕೇಳಿ ಹೋದೆ. ಕಾವಲಿನ ಇಬ್ಬರು ಒಬ್ಬನನ್ನು ಹಿಡಿದು ನಿಲ್ಲಿಸಿದ್ದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು, ಮೊದಲೇ ಸಣಕಲು, ಈಗ ಬರೀ ಮೂಳೆ. ಆದರೂ ಗುರುತು ಹತ್ತಿತು. ಪಕ್ಕದಲ್ಲಿ ಗಾಳಿ ತುಂಬಿದ ಲಾರಿ ಟ್ಯೂಬು, ಅದರ ಮೇಲೆ ಒಂದು ಚೀಲ. ಚೀಲದಲ್ಲಿ ನಾಲ್ಕು ಜಿಲೇಬಿ ಮೀನು, ಅಂಗೈಯಷ್ಟು ಉದ್ದದವು.

ಗಂಗಹನುಮಯ್ಯ ಸ್ಕೂಟರಿನಲ್ಲಿ ಬಂದಿಳಿದ. ಮಾಸ್ಕು ಗದ್ದಕ್ಕೆ ಇಳಿಸಿಕೊಂಡ.

"ಅಧ್ಯಕ್ಷರೇ, ಗುಬ್ಬಿ ಕಡೆಯೋನಂತೆ. ಹೆಸ್ರು ಕೇಳಿದ್ರೆ ಹೇಳ್ತಿಲ್ಲ" ಅಂದ ಕಾವಲಿನವನು.

ಲಾಲ್ ಸಾಬ್ ಗಂಗಹನುಮಯ್ಯನ ಕಡೆ ನೋಡಲೂ ಇಲ್ಲ. ನಾನು ನಿನ್ನವನು ಎನ್ನಲಿಲ್ಲ, ಪರಿಚಯ ಎನ್ನಲಿಲ್ಲ. ಕೆರೆಯ ಕಡೆ ಮುಖ ಮಾಡಿ ನಿಂತಿದ್ದ. ಅವನು ಹೇಳದಿದ್ದರೂ ಹಳಬನೊಬ್ಬ ಗುರುತು ಹಿಡಿದ. "ಅಯ್ಯ, ಇವ್ನು ಅವತ್ತು ಯಜಮಾನ್ರನ್ನ ಬೀಳಿಸ್ದೋನಲ್ವಾ" ಅಂದ. ಕೆಲವರು ನಕ್ಕರು. ಇನ್ನೊಬ್ಬ ಮೆಲ್ಲಗೆ ಅಂದ: "ಕಾನೂನು ಅಂದ್ಮೇಲೆ ಎಲ್ರಿಗೂ ಒಂದೇ ಅಲ್ವಾ ಅಧ್ಯಕ್ಷರೇ."

ಇಪ್ಪತ್ತು ಮೂವತ್ತು ಜನ ಗಂಗಹನುಮಯ್ಯನ ಮುಖವನ್ನೇ ನೋಡುತ್ತಿದ್ದರು. ಒಂದು ಮಾತು ಸಾಕಿತ್ತು. ಬಿಡ್ರಪ್ಪ, ನಮ್ಮ ಮನುಷ್ಯ ಅಂದಿದ್ದರೆ ಎದುರಾಡುವವರು ಯಾರೂ ಇರಲಿಲ್ಲ. ಗೊಣಗುತ್ತಿದ್ದರು, ಅಷ್ಟೇ. ಗಂಗಹನುಮಯ್ಯ ಸೊಂಟದ ಚಾಕು ತೆಗೆದು, ಬಗ್ಗಿ, ಟ್ಯೂಬನ್ನು ಸೀಳಿದ. ಗಾಳಿ ಬುಸ್ಸೆಂದು ಹೋಗುತ್ತ ರಬ್ಬರು ನೆಲಕ್ಕೆ ಕುಸಿಯಿತು.

ಆಗ ಲಾಲ್ ಸಾಬ್ ಬಾಯಿಬಿಟ್ಟ. ಸಿಟ್ಟಿರಲಿಲ್ಲ ದನಿಯಲ್ಲಿ. "ಅದು ನಮ್ಮಿಬ್ರುದೂ ಕಣಣ್ಣ. ಹಳೇದು" ಅಂದ.

ಗಂಗಹನುಮಯ್ಯ ಮಾಸ್ಕು ಮೇಲೇರಿಸಿಕೊಂಡು, "ಸ್ಟೇಷನ್‌ಗೆ ಫೋನ್ ಮಾಡ್ರಿ" ಎಂದು ಸ್ಕೂಟರು ಹತ್ತಿ ಹೋದ. ನಾನು ಅಲ್ಲೇ ಇದ್ದೆ. ನನಗೂ ಅವನ ಗುರುತಿತ್ತು. ನಾನೂ ಏನೂ ಹೇಳಲಿಲ್ಲ.

ಆ ದಿನ ದೊಡ್ಡಗಂಗಮ್ಮ ಗಂಡನಿಗೆ ತಟ್ಟೆ ಹಾಕಿ ಮುಂದೆ ಕುಳಿತು ಹೇಳಿದಳಂತೆ: "ಕಂಬದ ಹತ್ರ ನಿಂಗೆ ನೀರ್ ಕೇಳ್ದೋನು ಅವ್ನು. ಊರ್ ಮುಂದೆ ನಿನ್ ಮರ್ಯಾದೆ ಉಳಿಸ್ದೋನು. ಊಟ ಮಾಡು." ಆಮೇಲೆ ಅವಳು ಆ ವಿಷಯ ಎತ್ತಲಿಲ್ಲ. ಎತ್ತದೇ ಇದ್ದದ್ದೇ ತನಗೆ ಹೆಚ್ಚು ಕಷ್ಟವಾಯಿತು ಎಂದು ಅವನು ನನ್ನ ಹತ್ತಿರ ಹೇಳಿಕೊಂಡಿದ್ದಾನೆ.

ಲಾಲ್ ಸಾಬ್‌ನನ್ನು ಪೊಲೀಸರು ಒಂದು ದಿನ ಕೂರಿಸಿಕೊಂಡು, ಬುದ್ಧಿ ಹೇಳಿ ಬಿಟ್ಟರು. ನಾಲ್ಕು ಮೀನಿಗೆ ಏನು ಕೇಸು ಬರೆಯುವುದು ಎಂದು ಅವರಿಗೇ ಅನ್ನಿಸಿರಬೇಕು. ಆದರೆ ಗುಬ್ಬಿಯಲ್ಲಿ ಅವನು ಮೊದಲಿನಂತೆ ಓಡಾಡಲಿಲ್ಲ. ಆ ವರ್ಷದ ಕೊನೆಗೆ ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ, ಕಂಟೇನರ್ ಲಾರಿಗಳ ಟೈರು ರಿಪೇರಿ ಮಾಡುವ ಒಂದು ಶೆಡ್ಡಿನಲ್ಲಿ ಕೆಲಸಕ್ಕೆ ಸೇರಿದ. ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. 2022ರ ಆಗಸ್ಟ್‌ನಲ್ಲಿ ಒಂದು ಹಳೆಯ ಚಕ್ರಕ್ಕೆ ಗಾಳಿ ತುಂಬುವಾಗ ಅದರ ಕಬ್ಬಿಣದ ರಿಂಗು ಕಿತ್ತು ಹಾರಿ ಎದೆಗೆ ಬಡಿಯಿತು. ತುಮಕೂರು ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು.

ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು ಬಂದಿತ್ತು. ಅದನ್ನು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು ಹೋಗಿ ಗಂಗಹನುಮಯ್ಯನಿಗೆ ತೋರಿಸಿದವನು ನಾನು. ಅವನಿಗೆ ಓದು ನಿಧಾನ. ಬೆರಳಿಟ್ಟು ಓದಿದ. ಎರಡನೆಯ ಸಲವೂ ಓದಿದ. "ಈಜು ಬರ್ತಿರ್ಲಿಲ್ಲ ಸಾರ್ ಅವ್ನಿಗೆ. ನೀರಲ್ಲಿ ಏನಾದ್ರೂ ಆಯ್ತದೆ ಅಂತ ನಾನು ಯಾವಾಗ್ಲೂ ಹೆದರ್ತಿದ್ದೆ" ಅಂದ.

ಹತ್ತು ದಿನ ಕಳೆದ ಮೇಲೆ ಇಬ್ಬರೂ ಗುಬ್ಬಿಗೆ ಹೋದೆವು. ಒಂದು ಕಿರಿದಾದ ಓಣಿಯಲ್ಲಿ ಹಂಚಿನ ಮನೆ. ಲಾಲ್ ಸಾಬ್‌ನ ಹೆಂಡತಿ ಖುರ್ಷಿದಾ ಬೇಗಂ ಸೀರೆಗೆ ಫಾಲ್ ಹೊಲಿಯುತ್ತ ಬಾಗಿಲಲ್ಲೇ ಕುಳಿತಿದ್ದರು. ಇವನನ್ನು ನೋಡಿದ್ದೇ ಸೆರಗು ಸರಿಮಾಡಿಕೊಂಡು ಎದ್ದು, "ಬನ್ನಿ ಅಣ್ಣ" ಎಂದು ಚಾಪೆ ಹಾಸಿದರು. ಮಗಳು ಫಿಜಾ ಗುಬ್ಬಿಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕೆ ಹೋಗಿದ್ದಳು. ಚಹಾ ಬಂತು.

"ತಂಗಿ, ಅವತ್ತು ಸ್ಟೇಷನ್‌ಗೆ ಕೊಡ್ಸಿದ್ದು ನಾನೇ" ಅಂದ ಗಂಗಹನುಮಯ್ಯ. ಲೋಟ ಮುಟ್ಟಿರಲಿಲ್ಲ.

"ಗೊತ್ತು ಅಣ್ಣ. ಅವ್ರೇ ಹೇಳಿದ್ರು. ಅಷ್ಟ್ ಜನದ್ ಮುಂದೆ ಅವ್ನಾದ್ರೂ ಏನ್ ಮಾಡಕಾಯ್ತಿತ್ತು ಅಂದ್ರು."

ಬೈಸಿಕೊಳ್ಳಲು ಬಂದವನಿಗೆ ಇದು ಹೊರೆಯಾಯಿತು. ಖುರ್ಷಿದಾ ಬೇಗಂ ದಾರ ಹಲ್ಲಿನಲ್ಲಿ ಕಡಿದು ಮಾತು ಮುಂದುವರಿಸಿದರು. ಕೆರೆ ಸಿಕ್ಕ ದಿನದ ಮಾತು ಅದು. ಅವತ್ತು ಮನೆಗೆ ಬಂದ ಲಾಲ್ ಸಾಬ್ ಊಟ ಮಾಡಲಿಲ್ಲವಂತೆ. ನಮಾಜಿಗೆ ಕುಳಿತವನು ಬಹಳ ಹೊತ್ತು ಏಳಲಿಲ್ಲವಂತೆ. ಏನಾಯ್ತು ಎಂದು ಕೇಳಿದರೆ, ದೇವರ ಮುಂದೆ ಬಿಟ್ಟು ಇನ್ಯಾರ ಮುಂದೆಯೂ ಬಾಗದ ತಲೆ ಇವತ್ತು ಬಾಗಿತು, ಸ್ನೇಹಕ್ಕೆ ಬಾಗಿತು, ದೇವರು ಮಾಫ್ ಮಾಡ್ತಾನೆ ಅಂದನಂತೆ.

"ಒಂದ್ ಮಾತ್ ಕೇಳ್ಲಾ ಅಣ್ಣ," ಅಂದರು ಆಮೇಲೆ. "ಮೂರ್ ಸಲ ನಿಮ್ಮ ಆಫೀಸಿಗೆ ಬಂದಿದ್ರಲ್ಲ. ಮೂರ್ ಸಲಾನೂ ನೀವ್ ಸಿಗ್ಲಿಲ್ವಂತೆ. ಎಲ್ಲಿಗ್ ಹೋಗಿದ್ರಿ?"

ಓಣಿಯಲ್ಲಿ ಯಾರೋ ಸ್ಕೂಟರು ಸ್ಟಾರ್ಟ್ ಮಾಡಲು ಒದೆಯುತ್ತಿದ್ದರು. ಗಂಗಹನುಮಯ್ಯ ಚಹಾದ ಲೋಟವನ್ನು ಚಾಪೆಯಿಂದಾಚೆ ಸರಿಸಿದ.

"ಒಳಗೇ ಇದ್ದೆ" ಅಂದ.

ಖುರ್ಷಿದಾ ಬೇಗಂ ಅವನನ್ನು ನೋಡಿದರು. ಸಿಟ್ಟಾಗಲಿಲ್ಲ. ಹೊಲಿಯುತ್ತಿದ್ದ ಸೀರೆಯನ್ನು ಮಡಚಿ ಪಕ್ಕಕ್ಕಿಟ್ಟರು.

"ಅವ್ರಿಗೆ ಅದು ಗೊತ್ತಿರ್ಲಿಲ್ಲ. ಗೊತ್ತಾಗ್ದೇ ಹೋಗಿದ್ದು ಒಳ್ಳೇದಾಯ್ತು" ಅಂದರು.

ಹಿಂದಕ್ಕೆ ಬರುವಾಗ ಬಸ್ಸಿನಲ್ಲಿ ಅವನು ತಾನಾಗಿಯೇ ಹೇಳಿದ. ಆಫೀಸಿನ ಕಿಟಕಿಯಿಂದ ಮೂರು ಸಲವೂ ಲಾಲ್ ಸಾಬ್ ಬರುವುದನ್ನು ನೋಡಿದ್ದ. ಇಲ್ಲ ಅನ್ನು ಎಂದು ಗುಮಾಸ್ತನಿಗೆ ಅವನೇ ಹೇಳಿದ್ದ. ಕೆಲಸ ಕೊಟ್ಟರೆ ಹಳೇ ಕಳ್ಳರ ಗುಂಪು ಮತ್ತೆ ಸೇರಿತು ಅಂತ ಊರು ಆಡಿಕೊಳ್ಳುತ್ತದೆ, ಎರಡು ತಿಂಗಳಿಗೆ ಸಂಘದ ಚುನಾವಣೆ ಇದೆ ಎಂಬುದು ಅವನ ತಲೆಯಲ್ಲಿತ್ತು. "ಚುನಾವಣೆ ಆದ್ಮೇಲೆ ಕರೆಯೋಣ ಅಂದ್ಕೊಂಡಿದ್ದೆ ಸಾರ್. ಚುನಾವಣೆ ಆಯ್ತು. ಕರೀಲಿಲ್ಲ."

ಆ ತಿಂಗಳೇ ಸಂಘದ ಸಭೆ ಕರೆದು, ಲಾಲ್ ಸಾಬ್‌ನ ಮನೆಯವರನ್ನು ಸದಸ್ಯರನ್ನಾಗಿ ಮಾಡಬೇಕು ಎಂದು ಮಂಡಿಸಿದ. ಬೈಲಾಕ್ಕೆ ವಿರುದ್ಧ ಎಂದರು. ಬೈಲಾ ತಿದ್ದೋಣ ಅಂದ. ಕೈ ಎತ್ತಿದವರು ಮೂವರು. ವಯಸ್ಸಾಗಿ ಕೋಲು ಹಿಡಿದಿದ್ದ ಚನ್ನಬಸವಯ್ಯನವರೂ ಮನೆಗೆ ಕರೆಸಿ ಬುದ್ಧಿ ಹೇಳಿದರು. "ಸತ್ತೋನಿಗೆ ಇವತ್ತು ಪಾಲು ಕೊಡಕ್ ಹೋದ್ರೆ ಬದುಕಿರೋರು ಸುಮ್ನಿರ್ತಾರೇನೋ ಹನುಮ. ಬದುಕಿದ್ದಾಗ ಕೇಳಿದ್ರೆ ನಾನೇ ಕೊಡಿಸ್ತಿದ್ದೆ" ಅಂದರು. ಆ ಮಾತು ಅವನಿಗೆ ನಾಟಿದಷ್ಟು ಇನ್ಯಾವುದೂ ನಾಟಲಿಲ್ಲ. ಮಾರನೆಯ ದಿನ ರಾಜೀನಾಮೆ ಬರೆದುಕೊಟ್ಟ.

ಈಗ ಅಧ್ಯಕ್ಷ ಬೇರೊಬ್ಬ. ಗಂಗಹನುಮಯ್ಯ ಅದೇ ಕೆರೆಯಲ್ಲಿ ಕೂಲಿಗೆ ಬಲೆ ಎಳೆಯುತ್ತಾನೆ. ಅರವತ್ತು ದಾಟಿದೆ, ಭುಜ ನೋಯುತ್ತದೆ. ಜಗಳ ತೀರಿಸಲು ಯಾರಾದರೂ ಬಂದರೆ, "ನನ್ನತ್ರ ಬರ್ಬೇಡ್ರಪ್ಪ" ಎಂದು ಕಳಿಸಿಬಿಡುತ್ತಾನೆ. ಮೊದಮೊದಲು ಖುರ್ಷಿದಾ ಬೇಗಂ ಅವರಿಗೆ ಬಸ್ಸಿನವರ ಕೈಲಿ ಮೀನು ಕಳಿಸಿದ. ಎರಡು ಸಲ ಇಟ್ಟುಕೊಂಡರು. ಮೂರನೆಯ ಸಲ, ಇನ್ನು ಕಳಿಸಬೇಡಿ ಅಣ್ಣ, ಮನೆಯಲ್ಲಿ ಯಾರೂ ತಿನ್ನುತ್ತಿಲ್ಲ ಎಂದು ಹೇ‍ಳಿಕಳಿಸಿದರು.

ಹೋದ ವರ್ಷ ಫಿಜಾಳ ಮದುವೆಯಾಯಿತು. ಹುಡುಗ ತುಮಕೂರಿನವನು, ವೈರಿಂಗ್ ಕೆಲಸ. ಖುರ್ಷಿದಾ ಬೇಗಂ ತಾವೇ ಕೋಡಿಯವರೆಗೂ ಬಂದು ದೊಡ್ಡಗಂಗಮ್ಮನ ಕೈಗೆ ಕಾರ್ಡು ಕೊಟ್ಟು ಹೋದರು. ಲಕೋಟೆಯ ಮೇಲೆ ಫಿಜಾ ತನ್ನ ಕೈಯಾರೆ 'ಮೀನ್ ಮಾಮ' ಎಂದು ಬರೆದಿದ್ದಳು. ಚಿಕ್ಕಂದಿನಲ್ಲಿ ಅವಳು ಅವನನ್ನು ಹಾಗೇ ಕರೆಯುತ್ತಿದ್ದಳಂತೆ. ಅವನು ಆ ಕಾರ್ಡನ್ನು ಎರಡು ದಿನ ಯಾರಿಗೂ ಕೊಡದೆ ಹತ್ತಿರ ಇಟ್ಟುಕೊಂಡಿದ್ದ ಎಂದು ದೊಡ್ಡಗಂಗಮ್ಮ ಹೇಳಿದಳು.

ಮದುವೆಗೆ ಗಂಡ ಹೆಂಡತಿ ಇಬ್ಬರ ಜೊತೆ ನಾನೂ ಹೋದೆ. ನಾನು ಆಗಲೇ ನಿವೃತ್ತನಾಗಿ ತುಮಕೂರಿನಲ್ಲಿದ್ದೆ. ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ಅವರನ್ನು ಕೂಡಿಕೊಂಡೆ. ಅವನು ಕ್ಷೌರ ಮಾಡಿಸಿಕೊಂಡಿದ್ದ. ಛತ್ರದ ಗೇಟಿನವರೆಗೆ ಚೆನ್ನಾಗಿಯೇ ಮಾತಾಡಿಕೊಂಡು ಬಂದ. ಅಲ್ಲಿ ಬೈಕುಗಳನ್ನು ನಿಲ್ಲಿಸಿದ್ದ ಕಡೆ ನಿಂತುಬಿಟ್ಟ.

"ನೀವ್ ನಡೀರಿ ಸಾರ್, ಬಂದೆ."

"ಬಾರಯ್ಯ, ಅವರೇ ಕರೆದಿದಾರೆ" ಅಂದೆ.

"ಅದ್ಕೇ ಆಗ್ತಿಲ್ಲ ಸಾರ್."

ದೊಡ್ಡಗಂಗಮ್ಮ ನನ್ನ ತೋಳು ಮುಟ್ಟಿ, ಬಿಡಿ ಎಂಬಂತೆ ತಲೆಯಾಡಿಸಿದಳು. ನಾವಿಬ್ಬರೇ ಒಳಗೆ ಹೋದೆವು. ಹೆಂಗಸರ ಕಡೆ ಫಿಜಾ ಇವಳ ಕೈ ಹಿಡಿದುಕೊಂಡು, "ಮಾಮ ಎಲ್ಲಿ?" ಎಂದು ಕೇಳಿದಳಂತೆ. "ಜ್ವರ ಕಣವ್ವ ಅವ್ರಿಗೆ" ಎಂದಳಂತೆ ಇವಳು. ಖುರ್ಷಿದಾ ಬೇಗಂ ಪಕ್ಕದಲ್ಲೇ ಇದ್ದರು. ಏನೂ ಕೇಳಲಿಲ್ಲ. ಹೊರಡುವಾಗ ಒಂದು ಡಬ್ಬಿ ತುಂಬ ಬಿರಿಯಾನಿ ಹಾಕಿಸಿ, "ಜ್ವರ ಬಿಟ್ಮೇಲೆ ಕೊಡಿ ಅಕ್ಕ" ಅಂದರು.

ಹೊರಗೆ ಬಂದಾಗ ಅವನಿರಲಿಲ್ಲ. ಹಿಂದಿನ ಬಸ್ಸಿಗೇ ಊರಿಗೆ ಹೋಗಿದ್ದ. ದೊಡ್ಡಗಂಗಮ್ಮನ ಜೊತೆ ನಾನೂ ಹೋದೆ. ಶೀಟಿನ ಮನೆಯ ಜಗಲಿಯ ಮೇಲೆ ಬಿಳಿ ಶರ್ಟು ಬಿಚ್ಚಿಟ್ಟು ಬನಿಯನ್ನಿನಲ್ಲಿ ಕುಳಿತಿದ್ದ. ಅವಳು ಒಂದು ಮಾತೂ ಆಡದೆ ಡಬ್ಬಿ ತೆರೆದು ಮುಂದಿಟ್ಟಳು. ಅವನು ಅದನ್ನು ನೋಡಿದ, ಎರಡು ತುತ್ತು ತಿಂದ.

"ಹುಡ್ಗ ಹೆಂಗವ್ನೆ?" ಎಂದು ಕೇಳಿದ.

"ಚೆನ್ನಾಗವ್ನೆ. ನಗ್ತಾ ನಗ್ತಾ ಮಾತಾಡ್ತಾನೆ" ಅಂದಳು ದೊಡ್ಡಗಂಗಮ್ಮ.

ಅವನು ಸರಿ ಎಂಬಂತೆ ತಲೆಯಾಡಿಸಿ ಕೈ ತೊಳೆಯಲು ಎದ್ದ. ಬಹಳ ಹೊತ್ತಾದರೂ ಹಿತ್ತಲಿನಿಂದ ಬರಲಿಲ್ಲ. ನನ್ನ ಬಸ್ಸಿಗೆ ಹೊತ್ತಾಗಿತ್ತು. ದೊಡ್ಡಗಂಗಮ್ಮ ಡಬ್ಬಿಯ ಮುಚ್ಚಳ ಹಾಕಿ, "ನೀವ್ ಹೊರಡಿ ಮೇಷ್ಟ್ರೇ, ಇವತ್ತಿಗೆ ಅವ್ರು ಮಾತಾಡಲ್ಲ" ಅಂದಳು.